ಕೊಡೆ, ಕಂಬಳಿ ಮತ್ತು ಕ್ಲಿಕ್ಕು

1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆ ಬರೆದವರಿಗೆ ಮಳೆ ಎಂದರೇನೆಂದು ಗೊತ್ತಿತ್ತು. ತೋಟದ ಕೆಲಸಗಾರರಿಗೆ ಮಾಲೀಕರು ಕೊಡೆ, ಕಂಬಳಿ, ರೈನ್‌ಕೋಟು ಕೊಡುವಂತೆ ಸರ್ಕಾರ ನಿಯಮ ಮಾಡಬಹುದು ಎಂದು ಬರೆದಿಟ್ಟರು. ಈಗ ಅದೇ ತೋಟದ ಕೆಲಸಗಾರರ ಲೈನ್‌ಮನೆಯಲ್ಲಿ ಕೂತು, ರಾತ್ರಿ ಎಂಟರಿಂದ ಬೆಳಗಿನ ಜಾವ ನಾಲ್ಕರವರೆಗೆ, ಚಾಲಕನಿಲ್ಲದ ಕಾರಿಗೆ ಮನುಷ್ಯರ ಗುರುತು ಕಲಿಸಲೆಂದು, ಅಮೆರಿಕದ ರಸ್ತೆಯ ಫೋಟೊಗಳಲ್ಲಿ ನಡೆದು ಹೋಗುವವರ ಸುತ್ತ ಚೌಕ ಎಳೆಯುವ ಹುಡುಗಿಗೆ ಕಂಪನಿಯಿಂದ ಸಿಗುವುದು ಒಂದು ಇಮೇಲ್: ‘ನಿಮ್ಮ ಆರೋಗ್ಯವೇ ನಮ್ಮ ಆದ್ಯತೆ.’ ಅದನ್ನು ಓದಿದ ಎರಡು ನಿಮಿಷಕ್ಕೆ ಕಾಸಿಲ್ಲ.

ಇಮೇಲಿನ ಮೊದಲ ಉಪದೇಶ, 20 ನಿಮಿಷಕ್ಕೊಮ್ಮೆ 20 ಸೆಕೆಂಡು 20 ಅಡಿ ದೂರ ನೋಡಿ. ಒಳ್ಳೆಯ ಮಾತೇ. ಪರದೆ ನೋಡುವಾಗ ರೆಪ್ಪೆ ಬಡಿಯುವುದು ಕಡಿಮೆಯಾಗಿ ಕಣ್ಣು ಒಣಗುತ್ತದೆ. ಆದರೆ ಕೋಣೆ ಇರುವುದೇ 10 ಅಡಿ, ಮಳೆ ಸುರಿಯುವ ಕಕ್ಕಡ ತಿಂಗಳಲ್ಲಿ ಕಿಟಕಿ ತೆಗೆದರೆ ಅಲ್ಲಿಂದಲೇ ಮಂಜು. ಲೆಕ್ಕ ಹಾಕಿ: ಎಂಟು ಗಂಟೆಗೆ 24 ಸಲ, ಒಟ್ಟು 8 ನಿಮಿಷ. ಚಿತ್ರಕ್ಕೆ 40 ಸೆಕೆಂಡು, 2 ರೂಪಾಯಿ ಎಂದು ಹಿಡಿದರೆ ಕಣ್ಣಿನ ವಿಶ್ರಾಂತಿಗೆ 24 ರೂಪಾಯಿ ನಷ್ಟ. ಟೈಮರ್ ಮುಗಿದರೆ ಟಾಸ್ಕೂ ಹೋಯಿತು, ಅರ್ಧ ಮಾಡಿದ್ದೂ ಹೋಯಿತು. ಅತ್ತ ಕೊಂಬೆ ಬಿದ್ದು ಕರೆಂಟು ಹೋದರೆ ಮಾತ್ರ ಎಷ್ಟು ಬೇಕಾದರೂ ವಿಶ್ರಾಂತಿ.

ಇನ್ನು ‘ಸೂಕ್ತ ಆಸನ’. ಊಟದ ಮೇಜು ಸುಮಾರು 30 ಇಂಚು, ಪ್ಲಾಸ್ಟಿಕ್ ಕುರ್ಚಿಯ ಆಸನ 16-17 ಇಂಚು. ಹೀಗಾದರೆ ಮೌಸ್ ಹಿಡಿಯಲು ಭುಜ ಎತ್ತಬೇಕು, ಬೆಳಗಾಗುವಷ್ಟರಲ್ಲಿ ಕತ್ತು ಕಲ್ಲು. ಮೊಣಕೈ ಮೇಜಿನ ಮಟ್ಟಕ್ಕೆ ಬರುವಷ್ಟು ಕಂಬಳಿ ಮಡಚಿ ಕುರ್ಚಿಗೆ ಹಾಕಬೇಕು (1951ರ ಕಂಬಳಿ ಉಪಯೋಗಕ್ಕೆ ಬರುವುದು ಇಲ್ಲೇ). ಆಗ ಕಾಲು ತೂಗಾಡುತ್ತದೆ, ಕೆಳಗೆ ಇಟ್ಟಿಗೆ ಇಡಿ. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಬರಲು ಲ್ಯಾಪ್‌ಟಾಪಿನ ಅಡಿಗೆ ದಪ್ಪ ಪುಸ್ತಕಗಳು. ಹಾಗೆ ಎತ್ತಿಟ್ಟ ಮೇಲೆ ಅದರ ಕೀಬೋರ್ಡು ಕೈಗೆ ಎಟುಕದು, ಬೇರೆ ಕೀಬೋರ್ಡು, ಮೌಸ್ ಕೊಳ್ಳಬೇಕು. ಯಾರು? ‘ಸ್ವತಂತ್ರ ಗುತ್ತಿಗೆದಾರರಾದ ತಾವೇ’ ಎನ್ನುತ್ತದೆ ಇಮೇಲು, ಬಹುವಚನದಲ್ಲಿ.

ಮಣಿಕಟ್ಟು ಮೇಲಕ್ಕೆ ಬಾಗಿಯೇ ಇದ್ದರೆ ಒಳಗಿನ ಕಿರಿದಾದ ದಾರಿಯಲ್ಲಿ ನರ ಒತ್ತಿಕೊಂಡು ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿಯುತ್ತವೆ. ನಿದ್ದೆಯಲ್ಲಿ ಎಚ್ಚರವಾಗಿ ಕೈ ಕೊಡವುವಂತಾಗುತ್ತದೆ. ಕಿರುಬೆರಳಿಗೆ ಜೋಮು ಬಂದರೆ ತಪ್ಪು ಬೇರೆಡೆ: ಮೊಣಕೈಯನ್ನು ಮೇಜಿನ ಅಂಚಿಗೆ ಊರಿದ್ದಾರೆ. ಮೊದಲನೆಯದಕ್ಕೆ ಮಲಗುವಾಗ ಮಣಿಕಟ್ಟು ನೇರವಾಗಿರಿಸುವ ಪಟ್ಟಿ, ಎರಡನೆಯದಕ್ಕೆ ಮಡಚಿದ ಟವೆಲ್ಲು. ಹೆಬ್ಬೆರಳ ಬುಡದ ಮಾಂಸ ಇಳಿಯುವವರೆಗೆ ಕಾಯದೆ ಡಾಕ್ಟರ ಬಳಿ ಹೋಗಬೇಕು.

‘ಏನು ಕೆಲಸ ಮಾಡ್ತೀಯಮ್ಮಾ?’

‘ಜನರ ಸುತ್ತ ಚೌಕ ಹಾಕ್ತೀನಿ ಸಾರ್. ಕಾರು ಅವರಿಗೆ ಗುದ್ದಬಾರದು ಅಂತ.’

‘ಯಾವೂರಲ್ಲಿ?’

‘ಗೊತ್ತಿಲ್ಲ ಸಾರ್.’

ಚೀಟಿಯಲ್ಲಿ ‘ಗೃಹಿಣಿ’ ಎಂದು ಬರೆದಾಯಿತು.

2025ರಲ್ಲಿ ಕರ್ನಾಟಕ ಗಿಗ್ ಕಾರ್ಮಿಕರಿಗೆಂದೇ (ಆ್ಯಪ್ ಮೂಲಕ ಬಿಡಿ ಬಿಡಿ ಕೆಲಸ ಮಾಡುವವರಿಗೆ) ಕಾಯ್ದೆ ಮಾಡಿತು, ಕೆಲಸಗಾರರಿಗೆ ಕೊಡುವ ಹಣದ ಮೇಲೆ ಕಂಪನಿಗಳಿಂದ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕ. ಸಂತೋಷ. ಆದರೆ ಭಾಷಣಗಳಲ್ಲಿ ಗಿಗ್ ಕಾರ್ಮಿಕ ಎಂದರೆ ಇನ್ನೂ ಹೆಲ್ಮೆಟ್ಟು, ಬೆನ್ನಿಗೊಂದು ಚೀಲ, ಸ್ಕೂಟರು. ಕುರ್ಚಿಯಿಂದ ಏಳದವರಿಗೆ ಎಂಥ ಅಪಘಾತ?

ರಾತ್ರಿ ಎಂಟಾಯಿತು. ಬಲಗೈಗೆ ಪಟ್ಟಿ, ಮೌಸ್ ಎಡಕ್ಕೆ. ಒಳಗೆ ಹೋಗಲು ಮೊದಲು ಒಂದು ಚೌಕಕ್ಕೆ ಟಿಕ್ ಹಾಕಬೇಕು: ‘ನಾನು ರೋಬೋ ಅಲ್ಲ.’ ಎಡಗೈ ಅಭ್ಯಾಸವಿಲ್ಲದೆ ಮೂರು ಸಲ ತಪ್ಪಿತು. ಪರದೆ ನಂಬಲಿಲ್ಲ.