ಅಗೋ ಡಾಲ್ಫಿನ್! ಎಲ್ಲಿ?

ಕಾರವಾರಕ್ಕೆ ಬಂದು ಹೋದವರ ಮೊಬೈಲಿನಲ್ಲಿ ಡಾಲ್ಫಿನ್ ಫೋಟೋ ಎಂದು ಇರುವುದೆಲ್ಲ ಬಹುಮಟ್ಟಿಗೆ ನೀರಿನ ಫೋಟೋ. "ಇಲ್ಲೇ ಇತ್ತು, ಈಗಷ್ಟೇ ಮುಳುಗಿತು" ಎಂದು ಪರದೆಯ ಮೇಲೆ ಬೆರಳಿಟ್ಟು ತೋರಿಸುತ್ತಾರೆ. ನೋಡಿದವರು ಮರ್ಯಾದೆಗೆ "ಓಹೋ" ಅನ್ನುತ್ತಾರೆ.

ತಪ್ಪು ಡಾಲ್ಫಿನ್ನಿನದಲ್ಲ. ಇಲ್ಲಿ ದಡದ ಹತ್ತಿರ ಕಾಣಿಸುವುದು ಬೆನ್ನ ಮೇಲೆ ಡುಬ್ಬ ಇರುವ, ಬೂದು ಬಣ್ಣದ ಜಾತಿ. ಟಿವಿಯಲ್ಲಿ ಚೆಂಡಿಗೆ ಎಗರುವ ಸಂಬಂಧಿಕರ ಉತ್ಸಾಹವನ್ನು ಇದರಿಂದ ನಿರೀಕ್ಷಿಸಬೇಡಿ. ಉಸಿರಿಗೆಂದು ಮೇಲೆ ಬರುತ್ತದೆ: ಮೊದಲು ಮೂತಿ, ಹಿಂದೆಯೇ ಡುಬ್ಬ, ಡುಬ್ಬದ ತುದಿಗೆ ಅಂಟಿಸಿದಂತೆ ಪುಟ್ಟ ರೆಕ್ಕೆ. ಎರಡು ಸೆಕೆಂಡಿನಲ್ಲಿ ದರ್ಶನ ಮುಗಿಯಿತು. ಅಷ್ಟರಲ್ಲಿ ನಮ್ಮವರು ಮೊಬೈಲಿನ ಲಾಕ್ ತೆಗೆಯುತ್ತಿರುತ್ತಾರೆ.

ಮುಳುಗಿದ ಜಾಗಕ್ಕೇ ಕ್ಯಾಮೆರಾ ಹಿಡಿದು ಕಾಯುವುದು ಎರಡನೇ ತಪ್ಪು. ಅದೇನು ಬಸ್‌ ಸ್ಟಾಪೇ, ಅಲ್ಲಿಗೇ ತಿರುಗಿ ಬರಲು? ಮೂತಿ ಯಾವ ಕಡೆಗಿತ್ತೋ ಆ ದಿಕ್ಕಿನಲ್ಲಿ ಸ್ವಲ್ಪ ಮುಂದೆ ನೋಡಬೇಕು. ಬರೀ ಡುಬ್ಬ ತೋರಿಸಿ ಮುಳುಗಿದರೆ ಬೇಗ ಮತ್ತೆ ಏಳುವ ಸಂಭವ ಹೆಚ್ಚು. ಬಾಲ ಎತ್ತಿ ಮುಳುಗಿತೋ, ಆಳಕ್ಕೆ ಹೋಯಿತೆಂದು ಲೆಕ್ಕ. ಕೆಲವು ನಿಮಿಷ ಕಡಲೆಕಾಯಿ ತಿನ್ನಬಹುದು. ಸಿಪ್ಪೆ ನೀರಿಗಲ್ಲ, ಜೇಬಿಗೆ. ಫೋಟೋ ಬಿಟ್ಟು ವಿಡಿಯೋ ಮಾಡಿ, ಆಮೇಲೆ ಅದರಿಂದ ಒಂದು ಚಿತ್ರ ಆರಿಸಿಕೊಳ್ಳಿ. ಜೂಮ್ ಎರಡು ಪಟ್ಟು ಸಾಕು. ಹತ್ತು ಪಟ್ಟು ಹಿಗ್ಗಿಸಿದರೆ ದೋಣಿಯ ಓಲಾಟವೂ ಹತ್ತು ಪಟ್ಟು ಹಿಗ್ಗುತ್ತದೆ.

"ಅಗೋ ಅಲ್ಲಿ!" ಎಂದು ಕಿರುಚುವುದರಿಂದ ಯಾರಿಗೂ ಉಪಯೋಗವಿಲ್ಲ, ಸಮುದ್ರದಲ್ಲಿ ಎಲ್ಲವೂ 'ಅಲ್ಲಿ'ಯೇ. ದೋಣಿಯ ಮೂತಿಯನ್ನು ಗಡಿಯಾರದ 12 ಅಂತಿಟ್ಟುಕೊಂಡು "2 ಗಂಟೆ ಕಡೆ" ಎಂದರೆ ಎಲ್ಲರ ಕುತ್ತಿಗೆಯೂ ಸರಿಯಾಗಿ ತಿರುಗುತ್ತದೆ. ಎಲ್ಲರೂ ಒಂದೇ ಬದಿಗೆ ಓಡುವುದು ಮಾತ್ರ ಬೇಡ. ಸಣ್ಣ ದೋಣಿ ಆ ಬದಿಗೇ ವಾಲುತ್ತದೆ. ಲೈಫ್ ಜಾಕೆಟ್ಟನ್ನು ಸೆಲ್ಫಿಗಾಗಿ ಬಿಚ್ಚಿಟ್ಟವರು ಅದೇ ಹೊತ್ತಿಗೆ ಅದನ್ನು ಹುಡುಕುತ್ತಿರುತ್ತಾರೆ. "ಇನ್ನೂ ಹತ್ತಿರ ಹೋಗ್ರಿ" ಎಂದು ದೋಣಿಯವರನ್ನು ಪೀಡಿಸುವುದೂ ಬೇಡ. 50 ಮೀಟರ್ ದೂರದಲ್ಲೇ ಎಂಜಿನ್ ತಗ್ಗಿಸಿ ಸುಮ್ಮನೆ ಕೂತರೆ ಕಾಣುವ ಅವಕಾಶ ಹೆಚ್ಚು, ಅಟ್ಟಿಸಿಕೊಂಡು ಹೋದರೆ ನೀರಿನ ಫೋಟೋ ಇನ್ನೊಂದು ಸಿಗುತ್ತದೆ.

ಹೊತ್ತು ಯಾವುದು? ಬೆಳಿಗ್ಗೆ 7ರಿಂದ 9. ಹೊತ್ತೇರಿ ನೆಲ ಕಾದಂತೆ ಕಡಲಗಾಳಿ ಏಳುತ್ತದೆ, ನೀರಿನ ಮೇಲೆ ನೊರೆ ಏಳುತ್ತದೆ, ಆಮೇಲೆ ಪ್ರತಿ ಅಲೆಯೂ ಡಾಲ್ಫಿನ್ನಿನಂತೆ ಕಾಣುತ್ತದೆ. ಮಳೆಗಾಲವಂತೂ ಲೆಕ್ಕಕ್ಕೇ ಇಲ್ಲ. ಆದರೆ ಪ್ರವಾಸಿಗರ ದಿನಚರಿ ಬೇರೆ: 9ಕ್ಕೆ ಎದ್ದು, ಎಣ್ಣೆ ಸೋರುವ ಬನ್ಸ್ ನಾಲ್ಕು ತಿಂದು, 11ಕ್ಕೆ ದೋಣಿ. ಮುಂದಿನದನ್ನು ಆ ಬನ್ಸೇ ಹೇಳುತ್ತದೆ. ಕಣ್ಣು ಮೊಬೈಲಿನಲ್ಲಿದ್ದು ಮೈ ತೂಗಾಡಿದರೆ ಕಣ್ಣಿಗೂ ಒಳಗಿವಿಗೂ ಲೆಕ್ಕ ಕೂಡುವುದಿಲ್ಲ, ಜಗಳ ಹೊಟ್ಟೆಯಲ್ಲಿ ಇತ್ಯರ್ಥವಾಗುತ್ತದೆ. ಬರೀ ಹೊಟ್ಟೆಯೂ ಒಳ್ಳೆಯದಲ್ಲ. ಎರಡು ಇಡ್ಲಿ ಸಾಕು. ವಾಂತಿ ಮಾತ್ರೆಯನ್ನು ಔಷಧ ಅಂಗಡಿಯಲ್ಲಿ ಕೇಳಿ, ದೋಣಿ ಹತ್ತುವ ಅರ್ಧ-ಮುಕ್ಕಾಲು ಗಂಟೆ ಮೊದಲೇ ನುಂಗಬೇಕು. ತಲೆ ತಿರುಗಿದ ಮೇಲೆ ನುಂಗಿದರೆ ಮೊದಲು ಹೊರಬರುವುದು ಅದೇ. ನಡುವೆ ಕೂತರೆ ಓಲಾಟ ಕಡಿಮೆ, ಹಿಂದೆ ಕೂತರೆ ಎಂಜಿನ್ ಹೊಗೆ. ನೋಟ ದಿಗಂತದ ಮೇಲಿರಲಿ. ಆದರೂ ತಡೆಯದಿದ್ದರೆ, ಗಾಳಿ ಎತ್ತ ಹೋಗುತ್ತಿದೆಯೋ ಆ ಬದಿಗೆ ಬಗ್ಗಿ. ಎದುರು ಬದಿಗೆ ಬಗ್ಗಿದವರ ಹಿಂದೆ ಕೂತವರು ಇಡೀ ಪ್ರವಾಸ ಮಾತು ಬಿಡುತ್ತಾರೆ.

ಡಾಲ್ಫಿನ್ ಮುಗಿಸಿ ಹಾಗೇ ಕಾಳಿ ನದಿಯ ಕಾಂಡ್ಲಾ (ಉಪ್ಪುನೀರಿನ ಕೆಸರಲ್ಲಿ ಬೆಳೆಯುವ ಮ್ಯಾಂಗ್ರೋವ್) ಕಾಡಿಗೆ ದೋಣಿ ತಿರುಗಿಸಿ ಎನ್ನುವವರಿಗೆ ಚಂದ್ರನ ಅಪ್ಪಣೆ ಬೇಕು. ದೋಣಿ ಕಾಂಡ್ಲಾದ ಸಣ್ಣ ಕಾಲುವೆಗಳೊಳಗೆ ನುಗ್ಗಬೇಕಾದರೆ ಉಬ್ಬರ ಬೇಕು. ಏಡಿ, ಕೆಸರಲ್ಲಿ ಕುಪ್ಪಳಿಸುವ ಮೀನು ಕಾಣಬೇಕಾದರೆ ಇಳಿತ ಬೇಕು. ಒಂದರಿಂದ ಇನ್ನೊಂದಕ್ಕೆ 6 ಗಂಟೆ ಚಿಲ್ಲರೆ. ಎರಡೂ ಒಂದೇ ತಾಸಿನಲ್ಲಿ ಬೇಕೆಂದು ಹಟ ಹಿಡಿದವರು ಹೂಳಿನಲ್ಲಿ ಕೂತ ದೋಣಿಯಲ್ಲಿ ಮುಂದಿನ ಉಬ್ಬರದ ತನಕ ಪ್ರಕೃತಿ ವೀಕ್ಷಣೆ ಮಾಡುತ್ತಾರೆ. ಇವತ್ತು 7ಕ್ಕೆ ಇಳಿತವಿದ್ದರೆ ನಾಳೆ ಸುಮಾರು 7.50ಕ್ಕೆ; ಹಾಗಾಗಿ ಹೋದ ವಾರ ಬಂದ ಭಾವ ಹೇಳಿದ ಸಮಯವನ್ನು ನಂಬಬೇಡಿ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ನೀರು ಹೆಚ್ಚು ಏರಿ ಹೆಚ್ಚು ಇಳಿಯುತ್ತದೆ, ಕೆಸರಿನ ಜೀವಿಗಳನ್ನು ನೋಡಲು ಆ ದಿನಗಳ ಇಳಿತವೇ ಚೆನ್ನ.

ನಡೆಯುವುದಕ್ಕೆ ಕಾಂಡ್ಲಾ ನಡುವೆ ಹಲಗೆ ಹಾಸಿದ ದಾರಿಯಿದೆ. ಮೂಗಿಗೆ ಕೊಳೆತ ಮೊಟ್ಟೆಯ ವಾಸನೆ ಬಡಿದರೆ ಪಕ್ಕದವರನ್ನು ಅನುಮಾನಿಸಬೇಡಿ. ಗಾಳಿಯಾಡದ ಕೆಸರಿನಲ್ಲಿ ಎಲೆ ಕೊಳೆತಾಗ ಬರುವ ಗಂಧಕದ ಅನಿಲ ಅದು. ಕೆಸರಿನಿಂದ ಪೆನ್ಸಿಲ್ ನೆಟ್ಟಂತೆ ಎದ್ದಿರುವುವು ಉಸಿರಾಡುವ ಬೇರುಗಳು. ಒಂದು ಕೈ ಮಾತ್ರ ಮೈಯಷ್ಟೇ ದೊಡ್ಡದಾಗಿರುವ ಏಡಿ ಅದನ್ನು ಬೀಸಿ ಬೀಸಿ ಕರೆಯುತ್ತಿರುವುದು ನಿಮ್ಮನ್ನಲ್ಲ, ಹೆಣ್ಣನ್ನು. ಹೆಜ್ಜೆ ಸದ್ದಿಗೆ ಎಲ್ಲವೂ ಬಿಲ ಸೇರುತ್ತವೆ. ಐದು ನಿಮಿಷ ಅಲುಗಾಡದೆ ನಿಂತರೆ ಒಂದೊಂದಾಗಿ ಹೊರಬರುತ್ತವೆ. ಐದು ನಿಮಿಷ ಸುಮ್ಮನಿರುವ ಕುಟುಂಬ ಸಿಗುವುದು ಡಾಲ್ಫಿನ್ನಿಗಿಂತ ಅಪರೂಪ.

ಚಳಿಗಾಲದ ರಾತ್ರಿ ಮರಳಿಗೆ ಬಂದು ನೂರರ ಆಸುಪಾಸು ಮೊಟ್ಟೆಯಿಡುವ ಕಡಲಾಮೆಯ ವಿಷಯದಲ್ಲಿ ಹಾಸ್ಯ ಬೇಡ. ಬೇಲಿ ಹಾಕಿದ ಗೂಡು ಕಂಡರೆ ದೂರದಿಂದಲೇ ಕೈಮುಗಿದು ಮುಂದೆ ಹೋಗಿ, ಟಾರ್ಚು ಆರಿಸಿ. ಮರಿಗಳು ಬೆಳಕಿದ್ದತ್ತ ಹೋಗುತ್ತವೆ. ನಿಮ್ಮ ಫ್ಲ್ಯಾಶ್ ನೋಡಿ ಸಮುದ್ರ ಬಿಟ್ಟು ರಸ್ತೆಯ ಕಡೆ ಹೊರಡುತ್ತವೆ.

ಹಲಗೆ ದಾರಿ ಬಿಟ್ಟು "ಇಲ್ಲಿ ಗಟ್ಟಿ ಇದೆ" ಎಂದು ಕೆಸರಿಗಿಳಿಯುವ ಒಬ್ಬರು ಪ್ರತಿ ತಂಡದಲ್ಲೂ ಇರುತ್ತಾರೆ, ಹೆಚ್ಚಾಗಿ ಹೊಸ ಬೂಟಿನವರೇ. ಮೊಣಕಾಲಿನವರೆಗೆ ಹೂತ ಮೇಲೆ ಮೇಲಕ್ಕೆ ಜಗ್ಗಿದಷ್ಟೂ ಕೆಸರು ಒಳಗೆ ಎಳೆಯುತ್ತದೆ, ಕಾಲಿನ ಕೆಳಗೆ ಗಾಳಿ ನುಗ್ಗಲು ಜಾಗವಿಲ್ಲ. ಹಿಂದಕ್ಕೆ ವಾಲಿ ಕೂತು ಭಾರ ಹರಡಬೇಕು, ಪಾದವನ್ನು ಮೆಲ್ಲಗೆ ಅಲ್ಲಾಡಿಸಿ ನೀರಿಗೆ ದಾರಿ ಮಾಡಬೇಕು, ಹಿಮ್ಮಡಿಯನ್ನು ಮೊದಲು ಬಿಡಿಸಬೇಕು. ಎಳೆಯಲು ಬಂದವರು ಹಲಗೆಯ ಮೇಲೇ ನಿಂತು ಹುಟ್ಟನ್ನೋ ಗಳುವನ್ನೋ ಚಾಚಲಿ, ಇಲ್ಲದಿದ್ದರೆ ಇಬ್ಬರಾಗುತ್ತಾರೆ. ಕಾಲು ಬರುತ್ತದೆ. ಬೂಟು ಬರುವುದಿಲ್ಲ. ಮರುದಿನದ ಇಳಿತಕ್ಕೆ ಹುಡುಕಿ ಹೋದರೆ ಅದರಲ್ಲಿ ಬಾಡಿಗೆ ಕೊಡದೆ ಒಂದು ಏಡಿ ಕೂತಿರಬಹುದು, ಕೈ ಬೀಸುತ್ತಾ.