ಸನ್ನಿ ಸೈಡ್‌ಗೆ ಸಿಕ್ಕ ನ್ಯಾಯ

ಆರ್‌ಟಿಒ ಕಚೇರಿಯಾಗಿದ್ದ ಮಡಿಕೇರಿಯ ಸನ್ನಿ ಸೈಡ್ ಮನೆ, ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ತಿಮ್ಮಯ್ಯನವರ ಮ್ಯೂಸಿಯಂ ಆದ ಬಗ್ಗೆ ಬರೆದಿದ್ದಕ್ಕೆ ಧನ್ಯವಾದ. ನಮ್ಮೂರಿನವರಲ್ಲಿ ಎಷ್ಟೋ ಮಂದಿ ಎಲ್‌ಎಲ್ (ಕಲಿಕಾ ಲೈಸೆನ್ಸ್), ಡಿಎಲ್‌ಗೆ (ಚಾಲನಾ ಲೈಸೆನ್ಸ್) ಅರ್ಜಿ ಹಿಡಿದು ಸಾಲು ನಿಂತಿದ್ದು ಅದೇ ಮನೆಯಲ್ಲಿ. ಅದು ತಿಮ್ಮಯ್ಯ ಬೆಳೆದ ಮನೆ ಅಂತ ಹೊಸಬರಿಗೆ ಗೊತ್ತೇ ಆಗುತ್ತಿರಲಿಲ್ಲ. 2021ರ ಫೆಬ್ರುವರಿಯಲ್ಲಿ ರಾಷ್ಟ್ರಪತಿ ಕೋವಿಂದ್ ಬಂದು ಉದ್ಘಾಟಿಸಿದಾಗ ನಿಜಕ್ಕೂ ಹೆಮ್ಮೆಯಾಯಿತು.

1948ರ ಕಾಶ್ಮೀರ ಯುದ್ಧದಲ್ಲಿ ಟ್ಯಾಂಕ್‌ಗಳನ್ನು ಗುಟ್ಟಾಗಿ ಸಾಗಿಸಿ, ಲಡಾಖ್ ದಾರಿಯ ಹಿಮದ ಕಣಿವೆಮಾರ್ಗ ಜೋಜಿ ಲಾ ಹತ್ತಿಸಿ ಗೆದ್ದವರು ತಿಮ್ಮಯ್ಯ. ಕೊರಿಯಾದ ಯುದ್ಧಕೈದಿಗಳ ಹೊಣೆ ಹೊತ್ತರು, 1965ರಲ್ಲಿ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯ ಮುಖ್ಯಸ್ಥರಾಗಿದ್ದಾಗಲೇ ತೀರಿಕೊಂಡರು. ಮೇಷ್ಟ್ರುಗಳೇ, ಪ್ರವಾಸಕ್ಕೆ ಬಂದರೆ ಇಲ್ಲಿನ ರಾಜಾಸೀಟ್ ಉದ್ಯಾನದಿಂದ ನೇರ ಬಸ್ ಹತ್ತಿಸಬೇಡಿ, ಮಕ್ಕಳನ್ನು ದಯವಿಟ್ಟು ಈ ಮ್ಯೂಸಿಯಂಗೂ ಕರೆತನ್ನಿ. ಕಚೇರಿಯಾಗಿದ್ದ ಕಾಲದ ಒಂದೆರಡು ಫೋಟೋಗಳೂ ಗೋಡೆ ಮೇಲಿರಲಿ ಅಂತ ನನ್ನಾಸೆ.