ಮಳೆಗಾಲದಲ್ಲಿ ಬರಬೇಕಿತ್ತು

ಮಲೆನಾಡಿನವರಾದ ನಮಗೆ ಒಂದು ಚಾಳಿಯಿದೆ. ಮನೆಗೆ ಬಂದ ನೆಂಟರನ್ನು ಕಾರಿನಲ್ಲಿ ಕೂರಿಸಿಕೊಂಡು ಊರು ತೋರಿಸಲು ಹೊರಡುತ್ತೇವೆ. ತೋರಿಸಿದ ಪ್ರತಿಯೊಂದರ ಎದುರೂ ನಿಂತು, "ಈಗ ಏನೂ ಇಲ್ಲ ಬಿಡಿ, ನೀವು ಮಳೆಗಾಲದಲ್ಲಿ ಬರಬೇಕಿತ್ತು" ಎನ್ನುತ್ತೇವೆ. ಈ ಮಾತನ್ನು ನಂಬಿ ಮಳೆಗಾಲದಲ್ಲೇ ಬಂದವರೂ ಇದ್ದಾರೆ. ಅವರನ್ನು ಜೋಗಕ್ಕೆ ಕರೆದೊಯ್ದು, ಎರಡು ಗಂಟೆ ಹೊತ್ತು ಬಿಳಿ ಮಂಜಿನೆದುರು ಕೊಡೆ ಹಿಡಿಸಿ ನಿಲ್ಲಿಸಿ, "ಸದ್ದು ಕೇಳಿಸುತ್ತಿದೆಯಲ್ಲ, ಅದೇ ಜೋಗ. ಮಳೆ ಕಮ್ಮಿಯಾದ ಮೇಲೆ ಬರಬೇಕಿತ್ತು" ಎಂದು ಹೇಳಿ ಒದ್ದೆ ಚಪ್ಪಲಿಯಲ್ಲಿ ವಾಪಸ್ ಕರೆತಂದಿದ್ದೇನೆ.

ಈ ಸಲ ಬಂದವರು ತಂಗಿಯ ಮಾವನವರು, ಬಳ್ಳಾರಿಯ ಬೀಗರು. ಯುಗಾದಿಗೆ ಇನ್ನೂ ವಾರವಿತ್ತು. ಗಣಿತದ ಮೇಷ್ಟರಾಗಿ ನಿವೃತ್ತರಾದವರು. ಬಿಳಿ ಅಂಗಿ, ಬಿಳಿ ಪಂಚೆ, ಮಾತು ಕಡಿಮೆ. ಇಂಥವರ ಎದುರು ನನ್ನ ಬಾಯಿಗೆ ಲಗಾಮು ಇರುವುದಿಲ್ಲ. ಶಿವಮೊಗ್ಗ ದಾಟಿ ಸಾಗರದ ರಸ್ತೆಗೆ ಬೀಳುವ ಮೊದಲೇ ಮೂರು ಸಲ ಕ್ಷಮೆ ಕೇಳಿ ಆಗಿತ್ತು. ಗದ್ದೆ ಒಣಗಿದೆ, ಹಳ್ಳದಲ್ಲಿ ನೀರಿಲ್ಲ, ಬಿಸಿಲು ಜಾಸ್ತಿ. ಬಿಸಿಲಿನ ಮಾತಿಗೆ ಬೀಗರು ಮೊದಲ ಬಾರಿ ನಕ್ಕರು. ಬಳ್ಳಾರಿಯವರ ಹತ್ತಿರ ಬಿಸಿಲಿನ ಬಗ್ಗೆ ದೂರು ಹೇಳಿದವನು ನಾನೊಬ್ಬನೇ ಇರಬೇಕು.

ಆಯನೂರಿನ ಆಚೆ ಎಲೆಯೇ ಇಲ್ಲದ ಮುತ್ತುಗದ ಮರಗಳು ಕೆಂಡ ಹೊತ್ತು ನಿಂತಿದ್ದವು. ನಾನು ಅವನ್ನು ತೋರಿಸಲಿಲ್ಲ. ಪ್ರತಿವರ್ಷ ಅದೇ ಜಾಗದಲ್ಲಿ ಅರಳುವುದರಿಂದ ನನ್ನ ಲೆಕ್ಕದಲ್ಲಿ ಅದು ನೋಡುವಂಥದ್ದಲ್ಲ. ಚೋರಡಿ ದಾಟಿದ ಮೇಲೆ ಕಾಡಿನ ಅಂಚಿನಲ್ಲಿ ಬೀಗರೇ ಕಾರು ನಿಲ್ಲಿಸಲು ಹೇಳಿದರು. ಮೂವರು ಹೆಂಗಸರು ಉದ್ದ ಕಡ್ಡಿಪೊರಕೆ ಹಿಡಿದು ಕಾಡನ್ನು ಗುಡಿಸುತ್ತಿದ್ದರು.

"ಅಲ್ಲಪ್ಪಾ, ಕಾಡಿಗೂ ಕಸ ಹೊಡೆಯುತ್ತೀರಾ ನೀವು?"

ಕಸವಲ್ಲ, ದರಗು ಎಂದೆ. ಎಲೆ ಉದುರುವ ಈ ಕಾಲದಲ್ಲಿ ಒಣಗಿದ ತರಗೆಲೆಯನ್ನು ಗುಡಿಸಿ ಒಯ್ದು ಕೊಟ್ಟಿಗೆಯಲ್ಲಿ ದನಗಳ ಕಾಲಡಿಗೆ ಹಾಸುತ್ತಾರೆ. ಸಗಣಿ ಗಂಜಳದಲ್ಲಿ ಕಲಸಿ ಗೊಬ್ಬರವಾಗಿ ಅದು ಅಡಿಕೆ ತೋಟಕ್ಕೆ ಹೋಗುತ್ತದೆ. ಬೀಗರಿಗೆ ವಿವರಣೆ ಸಾಲಲಿಲ್ಲ, ಇಳಿದೇ ಬಿಟ್ಟರು. ಆಳೆತ್ತರದ ಬಿದಿರಿನ ಬುಟ್ಟಿಗೆ ಒಬ್ಬಾಕೆ ದರಗು ಸುರಿದಳು, ಇನ್ನೊಬ್ಬಳು ಬುಟ್ಟಿಯೊಳಗೇ ಇಳಿದು ತುಳಿಯತೊಡಗಿದಳು. ಚರಚರ ಸದ್ದು. ತುಳಿದಂತೆ ಎಲೆ ಕುಸಿಯಿತು, ಮತ್ತೆ ಸುರಿದರು, ಮತ್ತೆ ತುಳಿದಳು. ಬುಟ್ಟಿ ತುಂಬುತ್ತ ಬಂದ ಹಾಗೆ ಅವಳೂ ಮೇಲೇರುತ್ತ, ಕೊನೆಗೆ ಸೊಂಟದ ಮಟ್ಟ ಹೊರಗೆ ಬಂದು, ನಮ್ಮನ್ನು ನೋಡಿ ನಾಚಿ ಇಳಿದಳು. ಬೀಗರು ಗಡಿಯಾರ ನೋಡಿಕೊಂಡರು. ನೋಡುವ ಜಾಗಗಳ ಪಟ್ಟಿಯಲ್ಲಿ ಇಲ್ಲದ ಈ ಜಾಗಕ್ಕೆ ನಮ್ಮ ಮುಕ್ಕಾಲು ಗಂಟೆ ಹೋಗಿತ್ತು.

ಇಕ್ಕೇರಿಯಲ್ಲಿ ಅಘೋರೇಶ್ವರನ ದೇವಸ್ಥಾನದ ಕಲ್ಲುನೆಲ ತಣ್ಣಗಿತ್ತು. ಅಲ್ಲಿ ನಾನು ಇತಿಹಾಸ ಹೇಳಿದೆ, ಅಮ್ಮ ಕಂಬಕ್ಕೆ ಒರಗಿ ಕಾಲು ಚಾಚಿದಳು. ಕೆಳದಿಯ ಅರಸರು ನೆಲದ ಮೇಲೆ ಶಿಲ್ಪವಾಗಿ ದೇವರಿಗೆ ಅಡ್ಡಬಿದ್ದಿರುವುದನ್ನು ಬೀಗರು ಬಗ್ಗಿ ನೋಡಿದರು. "ರಾಜರನ್ನು ತುಳಿಯದಂತೆ ನಡೆಯಬೇಕಲ್ಲ" ಎಂದು ಪಂಚೆ ಎತ್ತಿಕೊಂಡು ಸುತ್ತಿ ಬಂದರು.

ಊಟ ಸಾಗರದ ಹತ್ತಿರ ನೆಂಟರ ಮನೆಯಲ್ಲಿ. ಅಪ್ಪೆಹುಳಿ ಮಾಡಿದ್ದರು. ಹುಳಿ ಮಾವಿನಕಾಯಿ ಬೇಯಿಸಿ ಹಿಂಡಿ, ನೀರು ಬೆರೆಸಿ, ಇಂಗು ಮೆಣಸಿನ ಒಗ್ಗರಣೆ ಕೊಟ್ಟ ಆ ತಿಳಿನೀರನ್ನು ಅನ್ನಕ್ಕೆ ಹಾಕಿಕೊಳ್ಳುವುದಕ್ಕಿಂತ ಲೋಟದಲ್ಲಿ ಕುಡಿಯುವವರೇ ಹೆಚ್ಚು. ಕುಡಿದರೆ ನಿದ್ದೆ ಬರುತ್ತದೆ ಎಂದು ಎಚ್ಚರಿಸಿದೆ. ಬೀಗರು ಮೂರು ಲೋಟ ಕುಡಿದರು. ತಾಳಗುಪ್ಪದವರೆಗೆ ಕಾರಿನಲ್ಲಿ ಮಾತಿಲ್ಲ. ನಾನು ಮಾತ್ರ ಸ್ಟಿಯರಿಂಗ್ ಹಿಡಿದು ಕೆನ್ನೆ ಚಿವುಟಿಕೊಳ್ಳುತ್ತಿದ್ದೆ.

ಜೋಗದಲ್ಲಿ ನಾಲ್ಕು ಧಾರೆಗಳ ಪೈಕಿ ಇಬ್ಬರು ರಜೆಯ ಮೇಲಿದ್ದರು. ರಾಜಾ ಹೆಸರಿಗೆ ಮಾತ್ರ ರಾಜ, ರಾಣಿ ಒಣಗಲು ಹಾಕಿದ ಸೀರೆಯ ಅಂಚು. ರೋರರ್ ಗರ್ಜಿಸುತ್ತಿರಲಿಲ್ಲ, ರಾಕೆಟ್ ಹಾರಿಯೇ ಇರಲಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಂದಿನಿಂದ ಶರಾವತಿಯ ನೀರು ಮೊದಲು ವಿದ್ಯುತ್ತಿನ ದುಡಿಮೆಗೆ ಹೋಗುತ್ತದೆ, ಬೇಸಿಗೆ ಹತ್ತಿರವಾದಾಗ ಇಲ್ಲಿ ಬೀಳುವುದು ಮಿಕ್ಕಿದ್ದು. ನಾನು ಗಂಟಲು ಸರಿಪಡಿಸಿಕೊಂಡೆ. "ಬೀಗರೇ, ನೀವು ಮಳೆಗಾಲದಲ್ಲಿ..."

ಅವರು ಕೈ ಎತ್ತಿ ಸುಮ್ಮನಿರಿಸಿದರು. ಎಣಿಸುತ್ತಿದ್ದರು. ಮೇಲಿನ ಬಂಡೆಯ ಅಂಚಿನಿಂದ ಒಂದು ಕಾಡುಪಾರಿವಾಳ ರೆಕ್ಕೆ ಮಡಚಿ ಕಮರಿಗೆ ಇಳಿದಿತ್ತು. ಕಪ್ಪು ಗೋಡೆಯ ಎದುರು ಅದು ಬೂದು ಚುಕ್ಕೆಯಾಗಿ, ಕಂದು ಪಟ್ಟೆಯಿದ್ದ ಕಡೆ ಮಾಯವಾಗಿ, ಪಾಚಿ ಹಿಡಿದ ಕಡೆ ಮತ್ತೆ ಕಂಡು, ಒಂದು ಬಿರುಕಿನಲ್ಲಿ ಹೊಕ್ಕಿತು. "ಹದಿನಾಲ್ಕು ಎಣಿಸಿದೆ. ಇನ್ನೂ ಅರ್ಧಕ್ಕೂ ಬಂದಿಲ್ಲ. ಎಷ್ಟು ಎತ್ತರ?" 253 ಮೀಟರ್ ಎಂದೆ. ನಮ್ಮ ಕಡೆ ಕಲ್ಲೆಂದರೆ ಒಂದರ ಮೇಲೊಂದು ಕೂತ ಗುಂಡು, ಇದು ಗೋಡೆ, ಎಂದು ಅವರು ಮತ್ತೊಂದು ಪಾರಿವಾಳಕ್ಕೆ ಕಾದರು. ಎಷ್ಟೋ ಸಲ ಬಂದಿದ್ದೇನೆ. ಆ ಬಂಡೆಗೆ ಬಣ್ಣಗಳಿವೆ ಎಂದು ನನಗೆ ಗೊತ್ತಾದದ್ದು ಆಗಲೇ. ನೀರಿದ್ದಾಗ ಅದು ಕಾಣುವುದಿಲ್ಲ.

ಅಮ್ಮನಿಗೆ ಜೋಗದಲ್ಲಿ ಆಸಕ್ತಿ ಇರಲಿಲ್ಲ. ಬೆಳಗ್ಗೆಯಿಂದ ಅವಳ ಕಣ್ಣೆಲ್ಲ ಮಾವಿನ ಮರಗಳ ಮೇಲೇ ಇತ್ತು. ಹಿಂದಿರುಗುವಾಗ ಆನಂದಪುರದಲ್ಲಿ ರಿಪ್ಪನ್‌ಪೇಟೆಗೆ ತಿರುಗಿಸು ಎಂದಳು. ವೈಸ್‌ರಾಯ್ ರಿಪ್ಪನ್ನನ ಹೆಸರು ಹೊತ್ತ ಆ ಊರು ನಮಗೆ ನೆನಪಾಗುವುದು ಅಪ್ಪೆಮಿಡಿಯ ಕಾಲದಲ್ಲಿ. ಕತ್ತಲಾಗುವ ಹೊತ್ತಿಗೆ ರಸ್ತೆ ಬದಿಯಲ್ಲಿ ಒಬ್ಬ ಗೋಣಿಚೀಲ ಬಿಚ್ಚಿಕೊಂಡು ಕೂತಿದ್ದ. ಅಮ್ಮ ಒಂದು ಮಿಡಿ ಎತ್ತಿ, ತೊಟ್ಟು ಪಟ್ಟನೆ ಮುರಿದು, ಚಿಮ್ಮಿದ ಸೊನೆಯನ್ನು ಬೀಗರ ಮೂಗಿನ ಹತ್ತಿರ ಹಿಡಿದಳು. ಜೀರಿಗೆಯ ವಾಸನೆ ಕಾರಿನೊಳಗೆ ಕೂತ ನನಗೂ ಬಂತು. ಒಂದು ಹನಿ ಬಿಳಿ ಅಂಗಿಯ ಎದೆಗೆ ಹಾರಿತು. ಸೊನೆಯ ಕಲೆ ಯಾವ ಸೋಪಿಗೂ ಬಗ್ಗುವುದಿಲ್ಲ. ನಾನು ಅದನ್ನು ಹೇಳಲಿಲ್ಲ.

"ಯಾವ ಹೊಳೆಯ ಮರದ್ದು?" ಎಂದಳು ಅಮ್ಮ. "ಇಲ್ಲೇ, ಮೇಲೆ" ಎಂದ ಅವನು. ಅಣಬೆ ಏಳುವ ಜಾಗವನ್ನೂ ಒಳ್ಳೆಯ ಮಿಡಿಯ ಮರವನ್ನೂ ಮಲೆನಾಡಿನವರು ಮಕ್ಕಳಿಗೆ ಸಾಯುವಾಗ ಮಾತ್ರ ಹೇಳುತ್ತಾರೆ. ಮಿಡಿ ತೂಕಕ್ಕಲ್ಲ, ಎಣಿಕೆಗೆ. ಉದುರಿ ಪೆಟ್ಟಾದದ್ದು, ತೊಟ್ಟಿಲ್ಲದ್ದು ಬೇಡವೆಂದು ಆರಿಸುತ್ತ ಐನೂರು ಎಣಿಸಿ, ಮೇಲೆ ಕೊಸರು ಎಂದು ಅಮ್ಮ ಎರಡು ಬೊಗಸೆ ಸೆಳೆದುಕೊಂಡಳು. ಅವನು ಆಕಾಶ ನೋಡಿದ.

ಆದರೂ ಅವಳಿಗೆ ಅನುಮಾನ. ಅರಸಾಳು ದಾಟುವಾಗ ಹಿಂದಿನ ಸೀಟಿನಲ್ಲಿ ಮೊಬೈಲಿನ ಬೆಳಕು ಹಚ್ಚಿಕೊಂಡು ಮತ್ತೆ ಎಣಿಸಲು ಕೂತಳು. ಬೀಗರು ಚೀಲವನ್ನು ತೊಡೆಯ ಮೇಲೆ ಹಿಡಿದುಕೊಂಡಿದ್ದರು.

"ಉಪ್ಪಿನಕಾಯಿ ಎಷ್ಟು ದಿನಕ್ಕೆ ಆಗುತ್ತದೆ ಬೀಗಿತ್ತಿ?"

"ಉಪ್ಪಿನಲ್ಲಿ ಚಿರುಟಬೇಕು, ಆಮೇಲೆ ಖಾರ ಕಲಸಬೇಕು. ಆರಿದ್ರಾ ಮಳೆಯ ಹೊತ್ತಿಗೆ ಬನ್ನಿ. ನೂರ ಎಂಬತ್ತಾರು, ನೂರ ಎಂಬತ್ತೇಳು..."

"ಆಗ ಜೋಗವೂ ತುಂಬಿರುತ್ತದೆ" ಎಂದು ನಾನು ಬಾಯಿ ಹಾಕಿದೆ. "ಆದರೆ ಮಂಜು. ಏನೂ ಕಾಣುವುದಿಲ್ಲ, ನೀವು..."

"ಸುಮ್ಮನೆ ಗಾಡಿ ಓಡಿಸು" ಎಂದಳು ಅಮ್ಮ. "ಲೆಕ್ಕ ತಪ್ಪಿತು." ಮಿಡಿಗಳನ್ನೆಲ್ಲ ಮತ್ತೆ ಚೀಲಕ್ಕೆ ಸುರಿದು, ಬೀಗರ ಕೈಗೆ ಮೊಬೈಲ್ ಕೊಟ್ಟು, ಒಂದರಿಂದ ಶುರು ಮಾಡಿದಳು.